ಡಚ್ ಸಮಾಸಪದ: ಮೊದಲು ಬೆಸುಗೆಯನ್ನು ಗುರುತಿಸಿ

ಡಚ್ ಭಾಷೆಯಲ್ಲಿ ಸಮಾಸಪದವನ್ನು ನಡುವೆ ಜಾಗ ಬಿಡದೆ ಬರೆಯುವುದರಿಂದ, ಉಚ್ಚರಿಸುವ ಮೊದಲು ಅದರ ಘಟಕಗಳು ಎಲ್ಲಿ ಬೆಸೆದುಕೊಂಡಿವೆ ಎಂಬುದನ್ನು ಕಂಡುಕೊಳ್ಳಬೇಕು. ಉಚ್ಚಾರಾಂಶಗಳ ವಿಭಜನೆಯೂ ಒತ್ತಿನ (ಒಂದು ಉಚ್ಚಾರಾಂಶವನ್ನು ಒತ್ತಿ ಹೇಳುವುದರ) ಸ್ಥಾನವೂ ಆ ಬೆಸುಗೆಯನ್ನೇ ಅವಲಂಬಿಸಿವೆ.

ಎರಡು ಸ್ವರಗಳ ನಡುವಿನ ಒಂಟಿ ವ್ಯಂಜನವು ಮುಂದಿನ ಉಚ್ಚಾರಾಂಶಕ್ಕೆ ಸೇರುವುದು ಬಿಡಿಪದಗಳ ನಿಯಮ. ಸಮಾಸದಲ್ಲಿ ಪೂರ್ವಪದದ ಕೊನೆಯ ವ್ಯಂಜನ ಬೆಸುಗೆಯನ್ನು ದಾಟಬಾರದು. ಹಲ್ಲಿನ ವೈದ್ಯನಿಗೆ ಹೇಳುವ ಪದದಲ್ಲಿ ‘ಟಂಡ್’ ಎಂದರೆ ಹಲ್ಲು, ‘ಅರ್ಟ್ಸ್’ ಎಂದರೆ ವೈದ್ಯ. ಸಾಲಿನ ಕೊನೆಯಲ್ಲಿ ಒಡೆಯಬೇಕಾದರೆ ‘ಟಂಡ್-ಅರ್ಟ್ಸ್’ ಎಂದೇ ಒಡೆಯಬೇಕು. ಘಟಕದ ಕೊನೆಯ ಡಕಾರ ಟಕಾರವಾಗುವ ಕಾರಣ ಅದನ್ನು ‘ಟಂಟ್‌ಅರ್ಟ್ಸ್’ ಎಂದು ಉಚ್ಚರಿಸುತ್ತಾರೆ. ಸಂಧಿ ಮಾಡಿ ನುಡಿಯುವ ಕನ್ನಡದ ನಾಲಿಗೆಗೆ ‘ಟಂಡರ್ಟ್ಸ್’ ಎಂಬುದೇ ಸಹಜವೆನಿಸಿದರೂ ಅದು ತಪ್ಪು. ಹಾಗೆಂದು ಡಚ್ಚಿನಲ್ಲಿ ಸಂಧಿಯೇ ಇಲ್ಲವೆಂದಲ್ಲ: ‘ಝಕ್’ (ಜೇಬು) ಮತ್ತು ‘ಡುಕ್’ (ಬಟ್ಟೆ) ಸೇರಿ ಕರವಸ್ತ್ರವಾದಾಗ ‘ಝಗ್ಡುಕ್’ ಎಂದು ಕೇಳಿಸುತ್ತದೆ. ನಮ್ಮ ‘ಮಳೆಗಾಲ’ದಲ್ಲಿ ಉತ್ತರಪದದ ಮೊದಲಕ್ಷರ ಬದಲಾದರೆ, ಇಲ್ಲಿ ಬದಲಾಗುವುದು ಪೂರ್ವಪದದ ಕೊನೆಯ ವ್ಯಂಜನ.

ಮುಖ್ಯ ಒತ್ತು ಸಾಮಾನ್ಯವಾಗಿ ಪೂರ್ವಪದದ ಮೇಲೆ ಬೀಳುತ್ತದೆ. ಆದರೆ ಇದನ್ನು ‘ಮೊದಲ ಉಚ್ಚಾರಾಂಶದ ಮೇಲೆ’ ಎಂದು ತಿಳಿಯಬಾರದು; ಪೂರ್ವಪದವು ಒಂಟಿಯಾಗಿದ್ದಾಗ ಒತ್ತು ಎಲ್ಲಿತ್ತೋ ಅಲ್ಲೇ ಉಳಿಯುತ್ತದೆ. ಆಮ್‌ಸ್ಟರ್‌ಡ್ಯಾಮ್‌ನ ಕೇಂದ್ರ ರೈಲು ನಿಲ್ದಾಣದ ಎದುರಿನ ಚೌಕದ ಹೆಸರು ‘ಸ್ಟಷೊನ್ಸ್‌ಪ್ಲೆಯ್ನ್’. ಇದರಲ್ಲಿ ಒತ್ತು ‘ಷೊನ್ಸ್’ ಮೇಲಿದೆ, ಜೋಡಿಸುವ ಸಕಾರವೂ ಪೂರ್ವಪದಕ್ಕೇ ಸೇರಿದೆ.

ಬೆಸುಗೆ ತಪ್ಪಿದರೆ ಏನಾಗುತ್ತದೆಂಬುದಕ್ಕೆ ಡಚ್ಚರೇ ತಮಾಷೆಗೆ ಬಳಸುವ ಒಂದು ಪದವಿದೆ. ಒಂದೇ ಕಾಗುಣಿತವನ್ನು (massagebed) ‘ಮಸಾಝ + ಬೆಟ್’ ಎಂದು ಬಿಡಿಸಿದರೆ ಮಾಲೀಸಿನ ಮಂಚ, ಒತ್ತು ‘ಸಾ’ ಮೇಲೆ. ‘ಮಸ + ಖೆಬೆಟ್’ ಎಂದು ಬಿಡಿಸಿದರೆ ಸಾಮೂಹಿಕ ಪ್ರಾರ್ಥನೆ, ಒತ್ತು ‘ಮ’ ಮೇಲೆ. ಇಂತಹ ಕಡೆ ಸಂದರ್ಭವೇ ದಾರಿ ತೋರಬೇಕು. ಬೆಸುಗೆಯಲ್ಲಿ ಸ್ವರಗಳು ಎದುರಾಗಿ ಗೊಂದಲವಾಗುವಂತಿದ್ದರೆ ಅಲ್ಲಿ ಅಡ್ಡಗೆರೆ ಕಡ್ಡಾಯ; ಉಳಿದ ಕಡೆಯೂ ಸ್ಪಷ್ಟತೆಗಾಗಿ ಅದನ್ನು ಹಾಕಿದರೆ ಓದುಗನ ಶ್ರಮ ಉಳಿಯುತ್ತದೆ.

ಅಪವಾದಗಳನ್ನು ಬಾಯಿಪಾಠ ಮಾಡದೆ ವಿಧಿಯಿಲ್ಲ. ನಗರಾಡಳಿತದ ಕಟ್ಟಡವಾದ ‘ಸ್ಟಟ್‌ಹಾಯ್ಸ್’ನಲ್ಲಿ ಒತ್ತು ಉತ್ತರಪದದ ಮೇಲಿದೆ. ಮಂಜಿನಷ್ಟು ತಣ್ಣಗೆ ಎಂಬರ್ಥದ ‘ಎಯ್ಸ್‌ಕೌಟ್’ ಇನ್ನೂ ಚಂಚಲವಾದುದು: ವಾಕ್ಯದ ಕೊನೆಯಲ್ಲಿ ಬಂದಾಗ ಒತ್ತು ‘ಕೌಟ್’ ಮೇಲಿರುತ್ತದೆ, ನಾಮಪದಕ್ಕಿಂತ ಮೊದಲು ವಿಶೇಷಣವಾಗಿ ಬಂದಾಗ ‘ಎಯ್ಸ್’ ಮೇಲೆ ಸರಿಯುತ್ತದೆ.