ಕೂಸನ್ನು ಬೋರಲು ಮಲಗಿಸಿ ಆಡಿಸುವುದು ಹೇಗೆ?

‘ನಮ್ಮ ಪಾಪುಗೆ ಬೋರಲು ಮಲಗೋದಂದ್ರೆ ಆಗಲ್ಲ’ ಅನ್ನುವ ಮನೆಗಳಲ್ಲಿ ನಾನು ಕಂಡದ್ದು ಹೆಚ್ಚುಕಡಿಮೆ ಒಂದೇ. ಮೆತ್ತನೆಯ ಹಾಸಿಗೆ ಮೇಲೆ ಮಗುವನ್ನು ಒಂದೇ ಸಲಕ್ಕೆ ಕವುಚಿ ಹಾಕುತ್ತಾರೆ. ಎರಡೂ ಕೈ ಎದೆಯಡಿ ಸಿಕ್ಕಿಕೊಳ್ಳುತ್ತವೆ, ಮೂಗು ಹಾಸಿಗೆಗೆ ಒತ್ತುತ್ತದೆ. ಮಗು ಕಿರುಚುತ್ತದೆ. ಎತ್ತಿಕೊಳ್ಳುತ್ತಾರೆ, ಮತ್ತೆ ಆ ಕಡೆ ಹೋಗುವುದೇ ಇಲ್ಲ.

ಕತ್ತು ನಿಲ್ಲುವುದಕ್ಕೂ ಮಗುಚುವುದಕ್ಕೂ ಕೂರುವುದಕ್ಕೂ ಬೇಕಾದ ಬಲ ಬರುವುದು ಈ ಆಟದಿಂದ. ಆದರೆ ಇದು ಎಚ್ಚರ ಇರುವಾಗ, ನಿಮ್ಮ ಕಣ್ಣೆದುರು ಮಾತ್ರ. ನಿದ್ದೆಗೆ ಅಂಗಾತವೇ ಮಲಗಿಸಬೇಕು. ಆಟದ ನಡುವೆ ತೂಕಡಿಸಿದರೂ ತಿರುಗಿಸಿಬಿಡಿ.

ಹೊತ್ತು, ಜಾಗ: ಹಾಲು ಕುಡಿದ ತಕ್ಷಣ ಬೇಡ, ಕಕ್ಕುತ್ತದೆ. ಅರ್ಧ ಗಂಟೆ ಬಿಡಿ. ನೆಲದ ಮೇಲೆ ತೆಳುವಾದ ಹೊದಿಕೆ ಹಾಸಿದರೆ ಸಾಕು.

ಮೊದಲ ವಾರಗಳು: ನೀವು ಒರಗಿ ಕೂತು ಕೂಸನ್ನು ಎದೆ ಮೇಲೆ ಬೋರಲು ಹಾಕಿಕೊಳ್ಳಿ. ನಿಮ್ಮ ಮುಖ ನೋಡುವ ಆಸೆಗೇ ತಲೆ ಎತ್ತಲು ನೋಡುತ್ತದೆ.

ನೆಲಕ್ಕೆ ಇಳಿಸುವುದು: ಎಡವುವುದು ಇಲ್ಲೇ, ನಿಧಾನವಾಗಿ ಮಾಡಿ. ಮೊದಲು ಅಂಗಾತ ಮಲಗಿಸಿ. ಸೊಂಟ ಹಿಡಿದು ಒಂದು ಮಗ್ಗುಲಿಗೆ ತಿರುಗಿಸಿ, ಅಲ್ಲೇ ಒಂದೆರಡು ಕ್ಷಣ ನಿಲ್ಲಿಸಿ. ಕೆಳಗಿರುವ ಕೈಯನ್ನು ಮೆಲ್ಲಗೆ ಮುಂದಕ್ಕೆ ತೆಗೆದು, ಆಮೇಲೆ ಬೋರಲು ಮಾಡಿ. ಈಗ ಮೊಣಕೈ ನೋಡಿ. ಅವು ಭುಜದ ಕೆಳಗೆ, ತುಸು ಮುಂದಕ್ಕೆ ಇರಬೇಕು. ಪಕ್ಕಕ್ಕೋ ಹಿಂದಕ್ಕೋ ಚಾಚಿದ್ದರೆ ನೆಲ ಒತ್ತಲು ಆಗುವುದಿಲ್ಲ, ಸಿಟ್ಟು ಬರದೆ ಇರುತ್ತದಾ? ತಲೆ ಏಳದಿದ್ದರೆ ಸಣ್ಣ ಟವೆಲ್ ಸುತ್ತಿ ಎದೆಯಡಿ, ಕಂಕುಳಿನ ಸಾಲಿಗೆ ಇಡಿ. ಕೈಗಳು ಅದರ ಮುಂದೆ ಬರಲಿ. ಇಷ್ಟಕ್ಕೇ ದಿಂಬು ಅಂತ ಮಾರುತ್ತಾರೆ, ದಯವಿಟ್ಟು ದುಡ್ಡು ಹಾಕಬೇಡಿ. ಇನ್ನೂ ಅತ್ತರೆ ಅಂಗೈಯನ್ನು ಮಗುವಿನ ಕುಂಡಿ ಮೇಲೆ ಹಗುರವಾಗಿ ಇಡಿ. ಭಾರ ಹಿಂದಕ್ಕೆ ಜಾರುತ್ತದೆ, ತಲೆ ಎತ್ತುವುದು ಸಲೀಸು.

ನೀವೂ ಎದುರಿಗೆ ಬೋರಲು ಮಲಗಿ. ಎಳೆಗೂಸಿಗೆ ಚೆನ್ನಾಗಿ ಕಾಣುವುದು 20–30 ಸೆಂಟಿಮೀಟರ್ ದೂರದ್ದು. ನಿಂತುಕೊಂಡು ಗಿಲಕಿ ಆಡಿಸಿ ಪ್ರಯೋಜನವಿಲ್ಲ.

ಎಷ್ಟು ಹೊತ್ತು? ಶುರುವಿನಲ್ಲಿ ಒಂದೆರಡು ನಿಮಿಷ, ದಿನಕ್ಕೆ ಹಲವು ಸಲ. ಇನ್ನೂ ಓಡಾಡದ ಕೂಸಿಗೆ ದಿನಕ್ಕೆ ಒಟ್ಟು 30 ನಿಮಿಷವಾದರೂ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. ಮುಲುಗುವುದು, ಏದುಸಿರು ಬಿಡುವುದು ಶ್ರಮದ ಸದ್ದು, ಎತ್ತಬೇಡಿ. ಮುಖ ನೆಲಕ್ಕಿಟ್ಟು ಜೋರಾಗಿ ಅತ್ತರೆ ಮಗ್ಗುಲಿಗೆ ತಿರುಗಿಸಿ, ಆಮೇಲೆ ಎತ್ತಿಕೊಳ್ಳಿ.

ಎರಡು ತಿಂಗಳ ಹೊತ್ತಿಗೆ ತಲೆ ಮೇಲೆ ಬರುತ್ತದೆ. ನಾಲ್ಕಕ್ಕೆ ಮೊಣಕೈ ಊರಿ ಎದೆ ಎತ್ತುತ್ತದೆ. ಆರಕ್ಕೆ ಕೈ ನೆಟ್ಟಗೆ ಊರುತ್ತದೆ, ಬೋರಲಿನಿಂದ ಅಂಗಾತಕ್ಕೆ ಮಗುಚುತ್ತದೆ. ತಿಂಗಳು ತುಂಬುವ ಮುಂಚೆ ಹುಟ್ಟಿದ ಮಗುವಾದರೆ ಹೆರಿಗೆಗೆ ಕೊಟ್ಟಿದ್ದ ತಾರೀಖಿನಿಂದ ಎಣಿಸಿ. ಪಕ್ಕದ ಮನೆ ಮಗು ಜೊತೆ ಸುಮ್ನೆ ಹೋಲಿಸಬೇಡಿ.

ಬೇಗ ನಡೆಯಲಿ ಅಂತ ವಾಕರ್ ಮಾತ್ರ ತರಬೇಡಿ. ಅದು ನಡಿಗೆ ಕಲಿಸುವುದಿಲ್ಲ, ಮೆಟ್ಟಿಲಿನಿಂದ ಬೀಳಿಸುತ್ತದೆ. ಕೆನಡಾ 2004ರಲ್ಲೇ ಅದನ್ನು ನಿಷೇಧಿಸಿದೆ.

ನಾಲ್ಕು ತಿಂಗಳಾದರೂ ಕತ್ತು ನಿಲ್ಲದಿದ್ದರೆ, ತಲೆ ಸದಾ ಒಂದೇ ಕಡೆ ವಾಲಿದರೆ, ಮೈ ತೀರಾ ಸಡಿಲವೋ ಬಿಗಿಯೋ ಅನ್ನಿಸಿದರೆ, ಬಂದಿದ್ದ ಕಲಿಕೆ ಮರೆಯಾದರೆ ಮಕ್ಕಳ ಡಾಕ್ಟರಿಗೆ ತೋರಿಸಿ. ಹೋಗುವ ಮುಂಚೆ ಬೋರಲು ಆಡುವಾಗಿನ ಒಂದು ವಿಡಿಯೊ ಮಾಡಿಟ್ಟುಕೊಳ್ಳಿ. ಮನೆಯಲ್ಲಿ ಮಾಡಿದ್ದನ್ನು ಮಗು ಅಲ್ಲಿ ಮಾಡದೆ ಇರುವುದೇ ಜಾಸ್ತಿ.