ಬಿಳಿ ಬಟ್ಟೆ, ಬಣ್ಣದ ಕೊರಳು: ಮಕ್ಕಳೊಡನೆ ಪ್ರಾಚೀನ ಈಜಿಪ್ಟಿನ ವೇಷ ಸಿದ್ಧಪಡಿಸುವ ಬಗೆ

ಪ್ರಾಚೀನ ಈಜಿಪ್ಟಿನ ವೇಷ ಎಂದ ಕೂಡಲೇ ಮಕ್ಕಳೂ ದೊಡ್ಡವರೂ ಮೊದಲು ಕೈಹಾಕುವುದು ಚಿನ್ನದ ಬಣ್ಣದ ಡಬ್ಬಿಗೆ. ಬಟ್ಟೆಯಿಂದ ಚಪ್ಪಲಿಯವರೆಗೆ ಎಲ್ಲಕ್ಕೂ ಅದನ್ನೇ ಬಳಿದರೆ ಫೇರೋ, ಅಂದರೆ ಅಲ್ಲಿನ ರಾಜ, ಸಿದ್ಧನಾದಂತೆ ಎಂಬ ಎಣಿಕೆ. ಆದರೆ ನೈಲ್ ನದಿಯ ದಡದ ಆ ಜನ ಉಡುತ್ತಿದ್ದದ್ದು ಬಹುಮಟ್ಟಿಗೆ ಬಣ್ಣವೇ ಇಲ್ಲದ ಬಟ್ಟೆಯನ್ನು, ಅಂದರೆ ಅಗಸೆ ಗಿಡದ ನಾರಿನಿಂದ ನೇಯ್ದ ಬಿಳಿ ಅಥವಾ ಕೆನೆಬಣ್ಣದ ಲಿನನ್ ಅನ್ನು. ಲಿನನ್ ಬಣ್ಣವನ್ನು ಸುಲಭವಾಗಿ ಹಿಡಿಯುವುದಿಲ್ಲ. ಹಾಗಾಗಿ ನೀಲಿ, ಕೆಂಪು, ಹಸಿರು, ಹೊನ್ನಿನ ಬಣ್ಣಗಳ ಬೆಡಗೆಲ್ಲ ಕೊರಳು, ತೋಳು, ಹಣೆ ಮತ್ತು ಕಣ್ಣಂಚಿಗೆ ಸೇರಿತ್ತು. ಈ ಸಂಗತಿ ಮನಸ್ಸಿನಲ್ಲಿದ್ದರೆ ಬಟ್ಟೆಯ ಕೆಲಸ ಅರ್ಧ ದಿನದಲ್ಲಿ ಮುಗಿಯುತ್ತದೆ ಮತ್ತು ಉಳಿದ ಸಮಯವನ್ನೆಲ್ಲ ಕಂಠಾಭರಣಕ್ಕೆ ಕೊಡಬಹುದು. ವೇಷ ಗೆಲ್ಲುವುದೂ ಸೋಲುವುದೂ ಅಲ್ಲಿಯೇ.

ಬಟ್ಟೆಗೆ ಹಳೆಯ ಬಿಳಿ ಹತ್ತಿಯ ಹೊದಿಕೆ ಸಾಕು. ಹೊಚ್ಚಹೊಸ ಬಟ್ಟೆಗಿಂತ ಹತ್ತಾರು ಬಾರಿ ಒಗೆದು ಮೆತ್ತಗಾದದ್ದೇ ಮೈಮೇಲೆ ಚೆನ್ನಾಗಿ ಇಳಿಬೀಳುತ್ತದೆ. ಗಂಡಸರು ಸೊಂಟಕ್ಕೆ ಸುತ್ತಿಕೊಳ್ಳುತ್ತಿದ್ದ ತುಂಡುಬಟ್ಟೆಗೆ ಮಗುವಿನ ಸೊಂಟದ ಸುತ್ತಳತೆಯ ಒಂದೂವರೆಪಟ್ಟು ಉದ್ದ ಬೇಕು: ಸೊಂಟ 60 ಸೆಂ.ಮೀ. ಇದ್ದರೆ 90 ಸೆಂ.ಮೀ. ಎತ್ತರವನ್ನು ಸೊಂಟದಿಂದ ಮೊಣಕಾಲಿನವರೆಗೆ ಅಳೆದು ಎರಡು ಸೆಂ.ಮೀ. ಹೆಚ್ಚಿಗೆ ಇಟ್ಟುಕೊಳ್ಳಿ. ಬದಿಯಿಂದ ಸುತ್ತಿ ತಂದು, ತುದಿಯನ್ನು ಮುಂದೆ ಇಳಿಬಿಟ್ಟು, ಮೇಲೊಂದು ಬಟ್ಟೆಪಟ್ಟಿ ಬಿಗಿದರೆ ಆಯಿತು. ಒಳಗಡೆ ಎರಡು ಕಡೆ ವೆಲ್ಕ್ರೋ ಹೊಲಿದಿದ್ದರೆ ಓಡಾಡುವಾಗ ಜಾರುವ ಭಯವಿರುವುದಿಲ್ಲ. ಕೆಳಗಿನ ಅಂಚನ್ನು ಹೊಲಿಯುವ ಬದಲು ಅಡ್ಡ ಎಳೆಗಳನ್ನು ಒಂದೊಂದಾಗಿ ಹಿರಿದು ಬೆರಳಗಲದ ಕುಚ್ಚು ಬಿಡಿಸಿ. ಈಜಿಪ್ಟಿನ ಲಿನನ್ ಬಟ್ಟೆಗಳಿಗೂ ಇಂಥ ಕುಚ್ಚಿನ ಅಂಚು ಇರುತ್ತಿತ್ತು. ಐದು ವರ್ಷದ ಮಗುವೂ ಈ ಕೆಲಸವನ್ನು ಬೇಸರವಿಲ್ಲದೆ ಮಾಡುತ್ತದೆ, ನಿಲ್ಲಿಸುವುದೇ ಕಷ್ಟ.

ನಿರಿಗೆ ಬೇಕೆಂದರೆ ಬಟ್ಟೆಯ ಉದ್ದವನ್ನು ಸೊಂಟದಳತೆಯ ಮೂರುಪಟ್ಟಿಗೆ ಏರಿಸಬೇಕು. ಒದ್ದೆ ಮಾಡಿದ ಬಟ್ಟೆಯನ್ನು ಎರಡು ಸೆಂ.ಮೀ. ಅಗಲಕ್ಕೆ ಹಿಂದುಮುಂದಾಗಿ ಮಡಚುತ್ತ ಹೋಗಿ, ಕೊನೆಗೆ ಸಿಗುವ ಉದ್ದನೆಯ ಕಟ್ಟನ್ನು ಹಗ್ಗ ಹೊಸೆದಂತೆ ತಿರುಚಿ, ಎರಡು ತುದಿಗೂ ನಡುವಿಗೂ ದಾರ ಬಿಗಿದು, ಪೂರ್ತಿ ಒಣಗುವವರೆಗೆ ಬಿಡಿ. ಒಳಪದರ ಒಣಗಲು ಎರಡು ದಿನವೂ ಹಿಡಿಯಬಹುದು. ಆತುರಪಟ್ಟು ಬಿಚ್ಚಿದರೆ ನಿರಿಗೆ ನಿಲ್ಲುವುದಿಲ್ಲ. ಒಣಗಿದ ಮೇಲೆ ಇಸ್ತ್ರಿ ಹಾಕುವ ಉತ್ಸಾಹವನ್ನೂ ತಡೆದುಕೊಳ್ಳಿ.

ಹೆಂಗಸರ ಉಡುಪಿನ ವಿಷಯದಲ್ಲಿ ಗೋರಿಗಳ ಚಿತ್ರಗಳು ದಾರಿ ತಪ್ಪಿಸುತ್ತವೆ. ಅಲ್ಲಿನ ಉಡುಪು ಹೆಜ್ಜೆ ಹಾಕಲೂ ಆಗದಷ್ಟು ಬಿಗಿಯಾಗಿ ಕಾಣುತ್ತದೆ. ನಿಜವಾಗಿ ಉಳಿದುಬಂದಿರುವ ಬಟ್ಟೆಗಳು ಅಷ್ಟು ಬಿಗಿಯಲ್ಲ. ಈಜಿಪ್ಟಿನ ತರ್ಖಾನ್ ಎಂಬ ಸ್ಮಶಾನದಲ್ಲಿ ಸಿಕ್ಕು ಈಗ ಲಂಡನ್ನಿನ ಪೆಟ್ರಿ ಸಂಗ್ರಹಾಲಯದಲ್ಲಿರುವ ತರ್ಖಾನ್ ಉಡುಪು ಐದು ಸಾವಿರ ವರ್ಷಗಳಿಗಿಂತ ಹಳೆಯದು. 1913ರಲ್ಲಿ ಅಗೆದು ತೆಗೆದ ಬಟ್ಟೆಗಳ ರಾಶಿಯಲ್ಲಿ ಅಡಗಿದ್ದ ಅದನ್ನು ಗುರುತಿಸಿದ್ದು 1977ರಲ್ಲಿ. ತ್ರಿಕೋನದ ಕತ್ತು, ತೋಳಿನುದ್ದಕ್ಕೂ ಸಣ್ಣ ನಿರಿಗೆ, ಮೊಣಕೈ ಮಡಿಸಿದಲ್ಲಿ ಬಿದ್ದ ಸುಕ್ಕು ಅದರಲ್ಲಿ ಇಂದಿಗೂ ಕಾಣುತ್ತವೆ. ಆದ್ದರಿಂದ ಭುಜದಿಂದ ಕಣಕಾಲಿನವರೆಗಿನ ಅಳತೆಯ ಎರಡುಪಟ್ಟು ಉದ್ದದ ಬಟ್ಟೆಯನ್ನು ನಡುವೆ ಮಡಚಿ, ಮಡಿಕೆಯಲ್ಲಿ ತಲೆ ತೂರುವಷ್ಟು ಸೀಳಿ, ತೋಳಿಗೆ ಜಾಗ ಬಿಟ್ಟು ಎರಡೂ ಬದಿಗಳನ್ನು ನೇರವಾಗಿ ಹೊಲಿದ ಸಡಿಲ ನಿಲುವಂಗಿಯೇ ಸರಿಯಾದದ್ದು.

ಇನ್ನು ಕಂಠಾಭರಣ. ಭುಜದಿಂದ ಭುಜಕ್ಕೆ ಹರಡಿಕೊಳ್ಳುವ ಈ ಅಗಲವಾದ ಹಾರಕ್ಕೆ ಈಜಿಪ್ಟಿನವರು ‘ವೆಸೆಖ್’ ಎನ್ನುತ್ತಿದ್ದರು; ಆ ಪದದ ಅರ್ಥವೇ ‘ಅಗಲವಾದದ್ದು’ ಎಂದು. ಕೊಳವೆಯಾಕಾರದ ಮಣಿಗಳನ್ನು ನಿಲುವಾಗಿ ಸಾಲುಸಾಲಾಗಿ ಪೋಣಿಸಿ, ಹೊರ ಅಂಚಿಗೆ ಹನಿ ಅಥವಾ ಎಸಳಿನ ಆಕಾರದ ಮಣಿಗಳನ್ನು ಇಳಿಬಿಡುತ್ತಿದ್ದರು. ಕಡುನೀಲಿಯ ಲ್ಯಾಪಿಸ್ ಲಾಜುಲಿ ಕಲ್ಲು ಈಗಿನ ಅಫ್ಘಾನಿಸ್ತಾನದ ಬದಖ್ಶಾನ್‌ನಿಂದ ಬರಬೇಕಿತ್ತು, ಹಸಿರುನೀಲಿಯ ಕಲ್ಲು ಸಿನಾಯ್‌ನಿಂದ ಬರುತ್ತಿತ್ತು. ಅಷ್ಟು ದೂರದ ಕಲ್ಲು ಎಲ್ಲರಿಗೂ ದಕ್ಕುವಂಥದ್ದಲ್ಲವಾದ್ದರಿಂದ ಬೆಣಚುಕಲ್ಲಿನ ಪುಡಿಗೆ ಕ್ಷಾರವನ್ನೂ ತಾಮ್ರದ ಅಂಶವನ್ನೂ ಬೆರೆಸಿ ಸುಟ್ಟು ಹೊಳೆಯುವ ನೀಲಿ ಮಣಿಗಳನ್ನು ಮಾಡಿಕೊಳ್ಳುತ್ತಿದ್ದರು. ಫಯಾನ್ಸ್ ಎಂದು ಕರೆಯುವುದು ಇದನ್ನೇ. ನಾವು ಕಾಗದದಲ್ಲಿ ಅನುಕರಿಸಬೇಕಾದದ್ದೂ ಈ ನೀಲಿಯನ್ನೇ.

ಎಂಟು ವರ್ಷದ ಆಸುಪಾಸಿನ ಮಗುವಿಗೆ ದಪ್ಪ ಡ್ರಾಯಿಂಗ್ ಹಾಳೆಯ ಮೇಲೆ 18 ಸೆಂ.ಮೀ. ತ್ರಿಜ್ಯದ ವೃತ್ತವನ್ನೂ ಅದರೊಳಗೆ ಕೊರಳಿಗಾಗಿ 6 ಸೆಂ.ಮೀ. ತ್ರಿಜ್ಯದ ವೃತ್ತವನ್ನೂ ಬರೆಯಿರಿ. ಹಿಂಬದಿಗೆ ಬರುವ ಎಂಟನೆಯ ಒಂದು ಭಾಗವನ್ನು ಬೀಸಣಿಗೆಯಾಕಾರದಲ್ಲಿ ಕತ್ತರಿಸಿ ತೆಗೆದರೆ ಹಾರ ಬೆನ್ನಿನ ಮೇಲೆ ಸುಕ್ಕಾಗುವುದಿಲ್ಲ. ಒಳ ಅಂಚಿಗೆ ಹಳೆಯ ಬಟ್ಟೆಯ ಪಟ್ಟಿಯನ್ನು ಮಡಚಿ ಅಂಟಿಸುವುದನ್ನು ಮರೆಯಬೇಡಿ, ಹಾಳೆಯ ಅಂಚು ಕೊರಳನ್ನು ಕೊಯ್ಯುತ್ತದೆ. ಬಳಿಕ 7ರಿಂದ 9.5, 10ರಿಂದ 12.5, 13ರಿಂದ 15.5 ಸೆಂ.ಮೀ. ತ್ರಿಜ್ಯಗಳ ನಡುವೆ ಮೂರು ಸಾಲುಗಳನ್ನು ಗುರುತಿಸಿಕೊಳ್ಳಿ. ಉಳಿದ ಹೊರಭಾಗ ಎಸಳುಗಳಿಗೆ.

ಮಣಿಗಳಿಗೆ 2.5 ಸೆಂ.ಮೀ. ಅಗಲ, 8 ಸೆಂ.ಮೀ. ಉದ್ದದ ಕಾಗದದ ಪಟ್ಟಿಗಳನ್ನು ಪೆನ್ಸಿಲ್ಲಿಗೆ ಸುತ್ತಿ, ಕೊನೆಯ ಸುತ್ತಿಗೆ ಅಂಟು ಹಚ್ಚಿ ಜಾರಿಸಿ ತೆಗೆಯಬೇಕು. ಇಲ್ಲಿ ಮೊದಲೇ ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು. ಕೊಳವೆಯೊಂದು 8 ಮಿ.ಮೀ. ದಪ್ಪವಿದ್ದರೆ ಒಳಸಾಲಿಗೆ ಸುಮಾರು 48, ನಡುಸಾಲಿಗೆ 69, ಹೊರಸಾಲಿಗೆ 89 ಬೇಕು; ಒಟ್ಟು ಇನ್ನೂರನ್ನು ದಾಟುತ್ತದೆ. ನಾನು ಮೊದಲ ಸಲ ಈ ಲೆಕ್ಕ ಮಾಡದೆ ಮಕ್ಕಳನ್ನು ಕೂರಿಸಿದ್ದೆ. ಅರವತ್ತನೆಯ ಕೊಳವೆಯ ಹೊತ್ತಿಗೆ ಕೋಣೆಯಲ್ಲಿ ನಾನೊಬ್ಬಳೇ ಉಳಿದಿದ್ದೆ. ಒಳಸಾಲಿಗೆ ಮಾತ್ರ ನಿಜವಾದ ಕೊಳವೆಗಳನ್ನಿಟ್ಟು, ಉಳಿದೆರಡು ಸಾಲುಗಳನ್ನು ನಿಲುಗೆರೆಗಳಾಗಿ ಬಣ್ಣದಲ್ಲಿ ಬರೆಸುವುದು ಜಾಣತನ. ನಾಲ್ಕು ಹೆಜ್ಜೆ ದೂರದಿಂದ ನೋಡಿದವರಿಗೆ ವ್ಯತ್ಯಾಸ ತಿಳಿಯುವುದಿಲ್ಲ.

ಕೊಳವೆಗಳನ್ನು ಅಂಟಿಸುವ ಮುನ್ನವೇ ಬಣ್ಣ ಹಚ್ಚಿರಬೇಕು. ನೀಲಿಗೆ ಚೂರು ಹಸಿರು, ಚೂರು ಬಿಳಿ ಬೆರೆಸಿದರೆ ಫಯಾನ್ಸ್‌ಗೆ ಹತ್ತಿರದ ಬಣ್ಣ ಬರುತ್ತದೆ. ಒಣಗಿದ ಬಳಿಕ ಬಿಳಿ ಗೋಂದಿನ ಎರಡು ಪಾಲಿಗೆ ನೀರಿನ ಒಂದು ಪಾಲು ಸೇರಿಸಿ ಎರಡು ಸಲ ಬಳಿಯಿರಿ. ಹಸಿಯಿರುವಾಗ ಹಾಲಿನಂತೆ ಕಾಣುವ ಪದರ ಒಣಗುತ್ತ ತಿಳಿಯಾಗಿ ಗಾಜಿನ ಮೆರುಗು ಕೊಡುತ್ತದೆ. ಅಂಟಿಸುವಾಗ ಇನ್ನೊಂದು ಸಮಸ್ಯೆ ಎದುರಾಗುತ್ತದೆ: ಒಳಗಡೆ ಒತ್ತೊತ್ತಾಗಿ ನಿಂತ ಕೊಳವೆಗಳು ಹೊರಗಡೆ ಬೀಸಣಿಗೆಯಂತೆ ಅಗಲುತ್ತವೆ, ನಡುವೆ ಸಣ್ಣ ತ್ರಿಕೋನದ ಸಂದುಗಳು ಉಳಿಯುತ್ತವೆ. ಒಬ್ಬ ಹುಡುಗಿ ಅವನ್ನು ಕಂಡು ಹಾರ ಕೆಟ್ಟಿತೆಂದು ಮುಖ ಸಪ್ಪೆ ಮಾಡಿಕೊಂಡಿದ್ದಳು. ಬೆಂಕಿಕಡ್ಡಿಯ ತುದಿಯನ್ನು ಕೆಂಪು ಬಣ್ಣದಲ್ಲಿ ಅದ್ದಿ ಪ್ರತಿಯೊಂದು ಸಂದಿಗೂ ಒಂದು ಚುಕ್ಕೆ ಇಡುವಂತೆ ಹೇಳಿದೆ. ಆ ಚುಕ್ಕೆಗಳ ಸಾಲು ಕೆಂಪು ಕಲ್ಲಿನ ಮಣಿಗಳಂತೆ ಕಂಡು, ಇಡೀ ಹಾರದಲ್ಲಿ ಅದೇ ಎಲ್ಲಕ್ಕಿಂತ ಚೆಂದದ ಭಾಗವಾಯಿತು.

ಹೊನ್ನಿನ ಬಣ್ಣ ಸಾಲುಗಳ ನಡುವಿನ ಅರ್ಧ ಸೆಂಟಿಮೀಟರ್ ಗೆರೆಗಳಿಗೂ ಹಾರದ ಎರಡು ತುದಿಗಳಿಗೂ ಸಾಕು. ರಾಜಮನೆತನದ ಹಾರಗಳಲ್ಲಿ ಈ ತುದಿಗಳಿಗೆ ಕೆಲವೊಮ್ಮೆ ಗಿಡುಗದ ತಲೆ ಇರುತ್ತಿತ್ತು; ಬರೆಯಲು ಬರುವ ಮಕ್ಕಳಿದ್ದರೆ ಪ್ರಯತ್ನಿಸಬಹುದು, ಇಲ್ಲವಾದರೆ ಅರ್ಧವೃತ್ತ ಸಾಕು. ಹಿಂದೆ ಉದ್ದನೆಯ ಗಂಟು ಹಾಕುವುದು ಬೇಡ. ಯಾರಾದರೂ ಎಳೆದರೆ ತಾನಾಗಿ ಬಿಚ್ಚಿಕೊಳ್ಳುವ ವೆಲ್ಕ್ರೋ ತುಂಡೇ ಕೊರಳಿಗೆ ಸುರಕ್ಷಿತ.

ಇಷ್ಟಾದರೂ ಹಾರ ಮುಂದಕ್ಕೆ ಜಾರುತ್ತದೆ, ಏಕೆಂದರೆ ಭಾರವೆಲ್ಲ ಎದೆಯ ಕಡೆಗಿದೆ. ಕಲ್ಲು ಮಣಿಗಳ ಹಾರ ಧರಿಸುತ್ತಿದ್ದವರಿಗೂ ಇದೇ ತೊಡಕಿತ್ತು. ಅದಕ್ಕೆ ಅವರು ಬೆನ್ನಿನ ಮೇಲೆ ಇಳಿಬೀಳುವ ಒಂದು ಪ್ರತಿತೂಕವನ್ನು ಕಟ್ಟುತ್ತಿದ್ದರು. ಎರಡು ಬೆರಳಗಲ, ಗೇಣುದ್ದದ ರಟ್ಟಿನ ಮೂರು ಪದರಗಳನ್ನು ಒಟ್ಟಿಗೆ ಅಂಟಿಸಿ, ಹಾರದ ಬಣ್ಣಗಳಲ್ಲೇ ಅಲಂಕರಿಸಿ, ಹಿಂದಿನ ಪಟ್ಟಿಗೆ ತೂಗುಹಾಕಿ ನೋಡಿ; ಹಾರ ತನ್ನ ಜಾಗದಲ್ಲಿ ನಿಲ್ಲುತ್ತದೆ.

ತೀರಾ ಚಿಕ್ಕ ಮಕ್ಕಳಿಗೆ ಹೂವಿನ ಹಾರವೇ ಮೇಲು, ಅದಕ್ಕೂ ಇತಿಹಾಸದ ಆಧಾರವಿದೆ. ಫೇರೋಗಳ ಗೋರಿಗಳಿರುವ ರಾಜರ ಕಣಿವೆಯ ಒಂದು ಗುಂಡಿಯಲ್ಲಿ 1907ರಲ್ಲಿ ಸಿಕ್ಕ, ಫೇರೋ ಟುಟಾಂಖಾಮನ್‌ನ ಅಂತ್ಯಕ್ರಿಯೆಗೆ ಸಂಬಂಧಿಸಿದ ವಸ್ತುಗಳಲ್ಲಿ ಪಪೈರಸ್ ಜೊಂಡಿನ ಹಾಳೆಯ ಮೇಲೆ ಎಲೆ, ಹೂ, ನೀಲಿ ಮಣಿಗಳನ್ನು ಹೊಲಿದ ಹಾರಗಳಿದ್ದವು. ಅವುಗಳಲ್ಲಿ ಕೆಲವನ್ನು ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಸಂಗ್ರಹಾಲಯದಲ್ಲಿ ನೋಡಬಹುದು. ಹಸಿರು ಕಾಗದದ ಎಲೆಗಳನ್ನೂ ನೀಲಿ ಎಸಳುಗಳನ್ನೂ ಹೊರಗಿನಿಂದ ಒಳಗೆ, ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಬರುವ ಹಾಗೆ ಅಂಟಿಸುತ್ತ ಬಂದರೆ ಸಾಕು. ಮೂರು ವರ್ಷದೊಳಗಿನವರ ಕೈಗೆ ಮಣಿಗಳನ್ನು ಕೊಡಲೇಬಾರದು.

ತೋಳ್ಬಳೆಗಳನ್ನು ಕಾಗದದ ಸುರುಳಿಯ ರಟ್ಟಿನ ಕೊಳವೆಯಿಂದ ಮಾಡಿ: ಉದ್ದಕ್ಕೆ ಸೀಳಿ, 5 ಸೆಂ.ಮೀ. ಅಗಲಕ್ಕೆ ಕತ್ತರಿಸಿ, ಹಾರದ ಬಣ್ಣಗಳನ್ನೇ ಮರುಕಳಿಸಿದರೆ ಆಯಿತು.

ತಲೆಗೆ ಬಂದರೆ, ಎಲ್ಲರಿಗೂ ಬೇಕಾಗುವುದು ಟುಟಾಂಖಾಮನ್‌ನ ಮುಖವಾಡದಲ್ಲಿ ಕಾಣುವ ಪಟ್ಟೆಪಟ್ಟೆಯ ‘ನೆಮೆಸ್’ ಶಿರವಸ್ತ್ರ. 75 ಸೆಂ.ಮೀ. ಚೌಕದ ಹಳದಿ ಬಟ್ಟೆಗೆ ಎರಡು ಸೆಂ.ಮೀ. ಅಂತರದಲ್ಲಿ ಅಂಟುಪಟ್ಟಿ ಹಚ್ಚಿ, ತೆರೆದ ಜಾಗಕ್ಕೆ ನೀಲಿ ಬಳಿದು, ಒಣಗಿದ ಮೇಲೆ ಪಟ್ಟಿ ಕಿತ್ತರೆ ಗೆರೆಗಳು ನೇರವಾಗಿ ಬರುತ್ತವೆ. ಒಂದು ಅಂಚನ್ನು ಹುಬ್ಬಿನ ಮೇಲೆ ಹಣೆಗೆ ಒತ್ತಿಹಿಡಿದು ಹಿಂದೆ ಪಿನ್ನು ಹಾಕಿ. ಎರಡು ಬದಿಗಳು ಕಿವಿಯ ಹಿಂದಿನಿಂದ ಎದೆಯ ಮೇಲೆ ಇಳಿಯಲಿ, ಹಿಂಭಾಗವನ್ನು ಒಟ್ಟುಗೂಡಿಸಿ ಜಡೆಯಂತೆ ದಾರ ಸುತ್ತಿ. ಕಿವಿಗಳು ಹೊರಗೆ ಕಾಣಬೇಕು. ಅವನ್ನು ಮುಚ್ಚಿಬಿಟ್ಟರೆ ಫೇರೋ ಹೋಗಿ ಚಳಿಗೆ ತಲೆಗೆ ಬಟ್ಟೆ ಸುತ್ತಿಕೊಂಡವರಂತೆ ಕಾಣುತ್ತದೆ. ಹಣೆಪಟ್ಟಿಯ ನಡುವೆ ಹೆಡೆಯೆತ್ತಿದ ನಾಗರವೊಂದನ್ನು ರಟ್ಟಿನಲ್ಲಿ ಕತ್ತರಿಸಿ ನಿಲ್ಲಿಸಿ.

ಆದರೆ ನೆಮೆಸ್ ರಾಜನಿಗೆ ಮಾತ್ರ ಮೀಸಲು. ಹತ್ತು ಮಕ್ಕಳಿರುವಲ್ಲಿ ಹತ್ತು ಫೇರೋಗಳನ್ನು ನಿಲ್ಲಿಸುವುದಕ್ಕಿಂತ ಒಬ್ಬರನ್ನು ಲಿಪಿಕಾರರನ್ನಾಗಿ ಮಾಡಿ: ಕೈಯಲ್ಲಿ ಉದ್ದನೆಯ ಹಲಗೆ, ಅದರ ಮೇಲೆ ಕಪ್ಪು ಮತ್ತು ಕೆಂಪು ಶಾಯಿಯ ಎರಡು ಗುಂಡನೆಯ ಗುಳಿ, ಕಿವಿಯ ಹಿಂದೆ ಜೊಂಡಿನ ಕಡ್ಡಿ. ಹುಡುಗಿಯರು ಫೇರೋ ಆಗಬಾರದೆಂದೇನೂ ಇಲ್ಲ, ಕ್ರಿ.ಪೂ. 15ನೆಯ ಶತಮಾನದಲ್ಲಿ ಆಳಿದ ರಾಣಿ ಹತ್‌ಶೆಪ್ಸುತ್ ತನ್ನ ಪ್ರತಿಮೆಗಳಲ್ಲಿ ಕೃತಕ ಗಡ್ಡವನ್ನೂ ಧರಿಸಿದ್ದಾಳೆ. ಮಕ್ಕಳು ಮಕ್ಕಳಾಗಿಯೇ ಇರಬಯಸಿದರೆ ಅದಕ್ಕೂ ಒಂದು ವೇಷವಿದೆ. ಅಲ್ಲಿನ ಮಕ್ಕಳ ತಲೆ ಬೋಳಿಸಿ, ಒಂದು ಬದಿಯಲ್ಲಿ ಮಾತ್ರ ಉದ್ದನೆಯ ಕೂದಲು ಬಿಟ್ಟು ಹೆಣೆಯುತ್ತಿದ್ದರು. ಕಪ್ಪು ಉಣ್ಣೆಯ ಜಡೆಯೊಂದನ್ನು ತಲೆಪಟ್ಟಿಯ ಬಲಬದಿಗೆ ಹೊಲಿದರೆ ಸಾಕು, ಬೋಳಿಸುವ ಅಗತ್ಯವಿಲ್ಲ.

ಚಪ್ಪಲಿಯನ್ನು ರಟ್ಟಿನಲ್ಲಿ ಮಾಡಬಹುದಾದರೂ ನುಣುಪು ನೆಲದ ಮೇಲೆ ಜಾರುವುದರಿಂದ ನಿಂತು ಫೋಟೋ ತೆಗೆಸಿಕೊಳ್ಳಲು ಮಾತ್ರ ಯೋಗ್ಯ. ಟುಟಾಂಖಾಮನ್‌ನ ಒಂದು ಜೋಡಿಯ ಮೇಲೆ, ಪಾದ ಊರುವ ಜಾಗದಲ್ಲಿ, ಕಟ್ಟಿಹಾಕಿದ ಶತ್ರುಗಳ ಚಿತ್ರವಿದೆ. ಹೆಜ್ಜೆಹೆಜ್ಜೆಗೂ ಅವರನ್ನು ತುಳಿಯಲೆಂದು. ನಿಮಗೆ ಬೇಡವಾದದ್ದನ್ನು ಬರೆಯಿರಿ ಎಂದಾಗ ಒಬ್ಬ ಹುಡುಗ ಎರಡೂ ಪಾದಗಳಿಗೆ ಹದಿಮೂರರ ಮಗ್ಗಿಯನ್ನು ಪೂರ್ತಿಯಾಗಿ, ತಪ್ಪಿಲ್ಲದೆ ಬರೆದ.

ಹೆಸರಿನ ಫಲಕವನ್ನು ಬಿಡಬೇಡಿ. ರಾಜರ ಹೆಸರನ್ನು ಉದ್ದನೆಯ ಅಂಡಾಕಾರದ ಚೌಕಟ್ಟಿನೊಳಗೆ ಬರೆಯುತ್ತಿದ್ದರು. 1822ರಲ್ಲಿ ಫ್ರೆಂಚ್ ವಿದ್ವಾಂಸ ಶಾಂಪೋಲಿಯನ್ ಈಜಿಪ್ಟಿನ ಚಿತ್ರಲಿಪಿಯನ್ನು ಬಿಡಿಸಿದಾಗ ನೆರವಾದದ್ದೂ ಈ ಚೌಕಟ್ಟಿನ ಹೆಸರುಗಳೇ. ಆ ಲಿಪಿಯಲ್ಲಿ ಸ್ವರಗಳನ್ನು ಬರೆಯುವ ರೂಢಿಯಿಲ್ಲ, ಆದ್ದರಿಂದ ‘ಮೀರಾ’ ಎಂಬ ಹೆಸರಿಗೆ ‘ಮ’ಕಾರದ ಗೂಬೆ ಮತ್ತು ‘ರ’ಕಾರದ ಬಾಯಿ ಎರಡೇ ಸಾಕಾಗುತ್ತವೆ, ‘ನ’ಕಾರಕ್ಕೆ ನೀರಿನ ಅಲೆ, ‘ಬ’ಕಾರಕ್ಕೆ ಕಾಲು. ಹಕ್ಕಿ, ಪ್ರಾಣಿಗಳು ಯಾವ ಕಡೆಗೆ ಮುಖ ಮಾಡಿವೆಯೋ ಆ ಕಡೆಯಿಂದ ಓದಬೇಕು ಎಂಬ ನಿಯಮ ಮಕ್ಕಳಿಗೆ ಗುಟ್ಟಿನ ಸಂಕೇತದಂತೆ ಹಿಡಿಸುತ್ತದೆ.

ಕಣ್ಣಿನ ಕಪ್ಪನ್ನು ಗಂಡು ಹೆಣ್ಣೆನ್ನದೆ ಎಲ್ಲರೂ ಹಚ್ಚುತ್ತಿದ್ದರು. ಅದು ಸೀಸದ ಅದಿರನ್ನು ಅರೆದು ಮಾಡಿದ್ದಾದ್ದರಿಂದ ಅನುಕರಣೆ ಆಕಾರಕ್ಕಷ್ಟೇ ಸೀಮಿತವಾಗಿರಲಿ. ಮಕ್ಕಳ ಚರ್ಮಕ್ಕೆಂದೇ ಇರುವ, ನೀರಿನಲ್ಲಿ ತೊಳೆದುಹೋಗುವ ಮುಖವರ್ಣವನ್ನು ಹಿಂದಿನ ದಿನ ಮುಂಗೈಯ ಒಳಬದಿಗೆ ಹಚ್ಚಿ ಪರೀಕ್ಷಿಸಿ. ರೆಪ್ಪೆಯ ಒಳ ಅಂಚನ್ನು ಮುಟ್ಟದೆ, ಕಣ್ಣು ಮುಚ್ಚಿಸಿ, ಹೊರಮೂಲೆಯಿಂದ ಕಿವಿಯ ಕಡೆಗೆ ಎರಡು ಸೆಂ.ಮೀ. ನೇರ ಗೆರೆ ಎಳೆದು, ಹುಬ್ಬನ್ನೂ ಅದಕ್ಕೆ ಸಮಾಂತರವಾಗಿ ಉದ್ದಗೊಳಿಸಿ.

ತೊಡಿಸುವಾಗ ಬಟ್ಟೆ ಮೊದಲು, ಕಣ್ಣಿನ ಗೆರೆ ಆಮೇಲೆ, ಅದು ಒಣಗಿದ ಬಳಿಕ ಶಿರವಸ್ತ್ರ, ಕೊನೆಗೆ ಹಾರ. ಕಳಚುವಾಗ ಹಾರವೇ ಮೊದಲು. ಅದನ್ನು ಮಡಚದೆ, ಎರಡು ದಿನಪತ್ರಿಕೆಗಳ ನಡುವೆ ಚಪ್ಪಟೆಯಾಗಿ ಮಲಗಿಸಿಡಿ. ಮೇಲೆ ಭಾರ ಹೇರಿದರೆ ಕೊಳವೆಗಳು ಜಜ್ಜಿಹೋಗುತ್ತವೆ.