ಪ್ಯಾಕೇಜಿನ ಜೊತೆ ಟೈಪೂ ಹೋಗಲಿ

ಕೋಲಾರದ ಟೊಮೆಟೊ ಮಂಡಿಯ ಲೆಕ್ಕಕ್ಕೊಂದು ಎನ್‌ಪಿಎಂ ಪ್ಯಾಕೇಜನ್ನು (ಬೇರೆಯವರೂ ಇನ್‌ಸ್ಟಾಲ್ ಮಾಡಿ ಬಳಸಬಹುದಾದ ಕೋಡಿನ ಕಟ್ಟು) ಟೈಪ್‌ಸ್ಕ್ರಿಪ್ಟ್‌ನಲ್ಲಿ ಬರೆದಿದ್ದೀರಿ ಎನ್ನಿ. ಬೆಳಗ್ಗೆ ಬಂದ ಬಾಕ್ಸು, ಮಧ್ಯಾಹ್ನ ಬಂದ ಬಾಕ್ಸು ಎರಡನ್ನೂ ಕೂಡಿ, ಬಾಕ್ಸಿಗೆ 15 ಕೆ.ಜಿ.ಯಂತೆ ತೂಕ ಹೇಳುವುದು ಅದರ ಕೆಲಸ. ಬಳಸುವವರು ಫಾರ್ಮಿನಿಂದ ಬಂದ 12ನ್ನು ಸಂಖ್ಯೆಯಾಗಿಸದೆ ಸ್ಟ್ರಿಂಗ್ (ಬರೀ ಅಕ್ಷರ) ಆಗಿಯೇ ದಾಟಿಸಿದರೆ, ಅದಕ್ಕೆ 3 ಸೇರಿ ಜಾವಾಸ್ಕ್ರಿಪ್ಟ್ ಲೆಕ್ಕದಲ್ಲಿ 123 ಆಗುತ್ತದೆ. 225 ಕೆ.ಜಿ. ಬರಬೇಕಾದಲ್ಲಿ 1,845! ಎಲ್ಲಿ ಸಂಖ್ಯೆ, ಎಲ್ಲಿ ಸ್ಟ್ರಿಂಗ್ ಬೇಕೆಂದು ಹೇಳುವ ಟೈಪ್ ಡಿಕ್ಲರೇಷನ್ ಜೊತೆಗಿದ್ದರೆ, ಟೈಪ್‌ಸ್ಕ್ರಿಪ್ಟ್ ಬಳಸುವವರಿಗೆ ಎಡಿಟರಿನಲ್ಲೇ ಕೆಂಪು ಗೆರೆ ಬೀಳುತ್ತದೆ.

ಮೊದಲು ಟೈಪ್‌ಸ್ಕ್ರಿಪ್ಟ್‌ನ ಸೆಟ್ಟಿಂಗ್ ಫೈಲಾದ ಟಿಎಸ್‌ಕಾನ್ಫಿಗ್‌ನಲ್ಲಿ 'ಡಿಕ್ಲರೇಷನ್' ಟ್ರೂ ಮಾಡಿ, ಬಿಲ್ಡ್ ಓಡಿಸಿ. ಟೈಪ್ ಡಿಕ್ಲರೇಷನ್ ಇರುವ 'ಡಿ.ಟಿಎಸ್' ಫೈಲುಗಳು ತಾವಾಗಿಯೇ ಬರುತ್ತವೆ. ಕೈಯಲ್ಲಿ ಬರೆಯಲು ಹೋಗಬೇಡಿ. ಸೋರ್ಸ್ ಫೋಲ್ಡರಿನಲ್ಲಿ ಕೈಯಾರೆ ಬರೆದಿಟ್ಟ ಡಿ.ಟಿಎಸ್ ಅನ್ನು ಕಂಪೈಲರ್ ಬಿಲ್ಡ್ ಆದ ಫೈಲುಗಳಿರುವ 'ಡಿಸ್ಟ್' ಫೋಲ್ಡರಿಗೆ ನಕಲು ಮಾಡುವುದಿಲ್ಲ.

ಎಲ್ಲರೂ ಎಡವುವುದು ಪ್ಯಾಕೇಜಿನ ವಿವರ ಬರೆಯುವ ಪ್ಯಾಕೇಜ್.ಜೇಸನ್‌ನಲ್ಲಿ. 'ಟೈಪ್ಸ್' ಎಂದು ಮೇಲೊಂದು ಸಾಲು ಬರೆದು ಮುಗಿಯಿತು ಎಂದುಕೊಳ್ಳುತ್ತಾರೆ. 'ಎಕ್ಸ್‌ಪೋರ್ಟ್ಸ್' (ಹೊರಗಿನವರಿಗೆ ಯಾವ ಫೈಲು ಸಿಗಬೇಕೆಂಬ ಪಟ್ಟಿ) ಇದ್ದರೆ ಟೈಪ್‌ಸ್ಕ್ರಿಪ್ಟ್ ಫೈಲು ಹುಡುಕುವ ಹೊಸ ಕ್ರಮ ಆ ಸಾಲಿನ ಕಡೆ ತಿರುಗಿಯೂ ನೋಡದು. ಎಕ್ಸ್‌ಪೋರ್ಟ್ಸ್ ಒಳಗೇ 'ಟೈಪ್ಸ್' ಹಾಕಿ, ಅದೂ ಎಲ್ಲಕ್ಕಿಂತ ಮೊದಲು. ಹುಡುಕಾಟ ಮೇಲಿನಿಂದ ಕೆಳಕ್ಕೆ ನಡೆದು, ಹೊಂದಿದ ಮೊದಲ ಸಾಲಿಗೇ ನಿಲ್ಲುತ್ತದೆ. 'ಡಿಫಾಲ್ಟ್' ಮುಂದಿದ್ದರೆ, ಜೆಎಸ್ ಫೈಲಿನ ಪಕ್ಕದಲ್ಲೇ ಡಿ.ಟಿಎಸ್ ಇದ್ದರೆ ಬಚಾವು. ಬೇರೆ ಫೋಲ್ಡರಿನಲ್ಲಿದ್ದರೆ ಭರವಸೆಯಿಲ್ಲ. ಕಾಮನ್‌ಜೆಎಸ್, ಇಎಸ್‌ಎಂ (ಜಾವಾಸ್ಕ್ರಿಪ್ಟಿನ ಹಳೆಯ, ಹೊಸ ಮಾಡ್ಯೂಲ್ ಪದ್ಧತಿಗಳು) ಎರಡನ್ನೂ ಕೊಡುವವರು ಡಿ.ಸಿಟಿಎಸ್, ಡಿ.ಎಂಟಿಎಸ್ ಎಂದು ಡಿಕ್ಲರೇಷನ್ನೂ ಎರಡು ಕೊಡಬೇಕು; ಒಂದೇ ಫೈಲನ್ನು ಎರಡಕ್ಕೂ ಹಂಚುವುದು ತಪ್ಪು. ಅಷ್ಟೆಲ್ಲ ತಾಪತ್ರಯ ಯಾಕೆ, ಹೊಸ ಪ್ಯಾಕೇಜಾದರೆ ಇಎಸ್‌ಎಂ ಒಂದೇ ಕೊಡಿ.

ಇನ್ನೊಂದು ಗುಂಡಿ ಡಿಪೆಂಡೆನ್ಸಿಯದು, ಅಂದರೆ ನಿಮ್ಮ ಪ್ಯಾಕೇಜ್ ನೆಚ್ಚಿಕೊಂಡ ಬೇರೆ ಪ್ಯಾಕೇಜುಗಳದು. ನಿಮ್ಮ ಡಿ.ಟಿಎಸ್ ಯಾವುದಾದರೂ '@ಟೈಪ್ಸ್' ಪ್ಯಾಕೇಜನ್ನು (ಬೇರೊಂದು ಪ್ಯಾಕೇಜಿನ ಟೈಪ್ ಮಾತ್ರ ಇರುವಂಥದ್ದು) ಇಂಪೋರ್ಟ್ ಮಾಡುತ್ತಿದ್ದರೆ, ಅದು 'ಡಿಪೆಂಡೆನ್ಸೀಸ್'ನಲ್ಲೇ ಇರಬೇಕು. 'ಡೆವ್‌ಡಿಪೆಂಡೆನ್ಸೀಸ್'ನಲ್ಲಿಟ್ಟರೆ ಬಳಸುವವರ ಕಡೆ ಇನ್‌ಸ್ಟಾಲ್ ಆಗುವುದಿಲ್ಲ. ಅವರು ಡಿ.ಟಿಎಸ್ ಫೈಲುಗಳ ತಪಾಸಣೆ ಬಿಟ್ಟುಬಿಡುವ 'ಸ್ಕಿಪ್‌ಲಿಬ್‌ಚೆಕ್' ಹಾಕಿಕೊಂಡಿದ್ದರಂತೂ ಎರರ್ ಕೂಡ ಕಾಣದೆ ಟೈಪೆಲ್ಲ ಸದ್ದಿಲ್ಲದೆ 'ಎನಿ' (ಏನು ಕೊಟ್ಟರೂ ಸರಿ) ಆಗುತ್ತದೆ. ಫೋಲ್ಡರ್ ದಾರಿಗೆ ಟಿಎಸ್‌ಕಾನ್ಫಿಗ್‌ನಲ್ಲಿ ಕೊಡುವ 'ಪಾತ್ಸ್' ಅಡ್ಡಹೆಸರುಗಳೂ ಹಾಗೇ: ಕಂಪೈಲರ್ ಅವನ್ನು ಬಿಡಿಸಿ ಬರೆಯುವುದಿಲ್ಲ. ಒಳಗಿನ ಇಂಪೋರ್ಟಿಗೆ ನೇರ ದಾರಿಯನ್ನೇ ಬರೆಯಿರಿ.

ಪ್ಯಾಕೇಜ್.ಜೇಸನ್‌ನಲ್ಲಿ, ಪಬ್ಲಿಷ್ ಆಗಬೇಕಾದ್ದನ್ನು ಹೇಳುವ 'ಫೈಲ್ಸ್' ಪಟ್ಟಿಗೆ ಡಿಸ್ಟ್ ಸೇರಿಸಿ. ಆ ಪಟ್ಟಿಯೂ ಇಲ್ಲ, ಎನ್‌ಪಿಎಂಇಗ್ನೋರ್ ಫೈಲೂ ಇಲ್ಲ ಎಂದರೆ ಎನ್‌ಪಿಎಂ ಗಿಟ್‌ಇಗ್ನೋರ್ ನೋಡಿ, ಅದರಲ್ಲಿ ಡಿಸ್ಟ್ ಇದ್ದರೆ ಅದನ್ನೇ ಬಿಟ್ಟುಬಿಡುತ್ತದೆ.

ಪರೀಕ್ಷೆಗೆ, ನಿಮ್ಮ ಫೋಲ್ಡರನ್ನೇ ಬೇರೆ ಪ್ರಾಜೆಕ್ಟಿಗೆ ಜೋಡಿಸುವ 'ಎನ್‌ಪಿಎಂ ಲಿಂಕ್' ನಂಬಬೇಡಿ. ನಿಮ್ಮಲ್ಲಿ ಇನ್‌ಸ್ಟಾಲ್ ಆದ ಪ್ಯಾಕೇಜುಗಳೇ (ನೋಡ್ ಮಾಡ್ಯೂಲ್ಸ್) ಅಲ್ಲಿ ಕಾಣುವುದರಿಂದ ಇಲ್ಲದ ಡಿಪೆಂಡೆನ್ಸಿಯೂ ಇರುವಂತೆ ತೋರುತ್ತದೆ. 'ಎನ್‌ಪಿಎಂ ಪ್ಯಾಕ್' ಮಾಡಿ, ಆ ಗಂಟನ್ನು ಖಾಲಿ ಫೋಲ್ಡರಿನಲ್ಲಿ ಇನ್‌ಸ್ಟಾಲ್ ಮಾಡಿ. ಸ್ಟ್ರಿಕ್ಟ್ ಟ್ರೂ, ಸ್ಕಿಪ್‌ಲಿಬ್‌ಚೆಕ್ ಫಾಲ್ಸ್ ಇಟ್ಟು, ತೂಕದ ಫಂಕ್ಷನ್ನಿಗೆ ಬೇಕೆಂದೇ ಸ್ಟ್ರಿಂಗ್ ಕೊಡಿ. ಎರರ್ ಬಂದರೆ ಗೆದ್ದಿರಿ, ಬರದಿದ್ದರೆ ಎಲ್ಲೋ 'ಎನಿ' ನುಸುಳಿದೆ.

ಇನ್ನು ಪಬ್ಲಿಷ್. ಒಮ್ಮೆ ಹೋದ ವರ್ಷನ್ ನಂಬರ್ ಹಿಂತೆಗೆದರೂ ಮತ್ತೆ ಬಳಸಲು ಬರುವುದಿಲ್ಲ. ಮುಂದೆ ಬಾಕ್ಸಿನ ತೂಕವನ್ನೂ ಕಡ್ಡಾಯ ಆರ್ಗ್ಯುಮೆಂಟ್ ಮಾಡಿ ಟೈಪ್ ಬಿಗಿ ಮಾಡಿದಿರೋ, ಚಿಂತಾಮಣಿಯಲ್ಲಿ ಅದನ್ನು ಬಳಸುವವರ ಬಿಲ್ಡ್ ಒಡೆಯುತ್ತದೆ. ಅಂಥದ್ದಕ್ಕೆ ವರ್ಷನ್ನಿನ ಕೊನೆಯ ಅಂಕೆ (ಪ್ಯಾಚ್) ಏರಿಸಿದರೆ ಸಾಲದು, ಮೊದಲ ಅಂಕೆಯಾದ ಮೇಜರ್ ನಂಬರನ್ನೇ ಏರಿಸಿ.